ಪದ ಬಲ್ಲವನಿಗೆ ಪದ್ಯದ ಅಂಜಿಕೆ ಏಕೆ?



ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಾಡಿಗೆ ‘ಪದ’ ಎನ್ನುತ್ತಾರೆ. ಹಾಡುವುದಕ್ಕೆ ‘ಪದ ಹೇಳುವುದು’ ಎನ್ನುತ್ತಾರೆ. ಬೀಸುವ ಕಲ್ಲಿನ ಮುಂದೆ ಕುಳಿತು ಹೇಳುವುದು ಬೀಸುವ ಪದ, ಮದುವೆಯ ಮನೆಯಲ್ಲಿ ಹೇಳುವುದು ಸೋಬಾನ ಪದ, ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಹೇಳುವುದು ಹಂತಿ ಪದ, ಮೊಹರಮ್ಮಿನಲ್ಲಿ ಹೇಳುವುದು ರಿವಾಯತ ಪದ. ಇದನ್ನೆಲ್ಲ ಅಷ್ಟಿಷ್ಟು ಕೇಳುತ್ತ ಬೆಳೆದ ಮಗುವಿಗೆ ಹೈಸ್ಕೂಲಿನ ಪುಸ್ತಕದಲ್ಲಿ ‘ಪದ್ಯ’ ಎದುರಾಗುತ್ತದೆ. ಪದಕ್ಕೂ ಪದ್ಯಕ್ಕೂ ನಡುವೆ ಇರುವುದು ಒಂದೇ ಒಂದು ಒತ್ತಕ್ಷರ. ಆದರೆ ಆ ಒಂದು ಒತ್ತಕ್ಷರವನ್ನು ದಾಟಲಾಗದೆ ಎಷ್ಟೋ ಮಕ್ಕಳು ಈಚೆ ದಡದಲ್ಲಿಯೇ ನಿಂತುಬಿಡುತ್ತಾರೆ.

ನವಲಗುಂದ ತಾಲೂಕಿನ ಒಂದು ಹಳ್ಳಿಯ ಹುಡುಗನನ್ನು ಊಹಿಸಿಕೊಳ್ಳಿ. ಹತ್ತನೆಯ ಇಯತ್ತೆ. ಸಂಜೆ ಗುಡಿಯಲ್ಲಿ ಭಜನಾ ಮೇಳದವರ ಜೊತೆ ತಾಳ ಹಿಡಿಯುತ್ತಾನೆ. ಐವತ್ತು ಪದ ಬಾಯಲ್ಲಿವೆ. ಒಂದೂ ಬರೆದುಕೊಂಡು ಕಲಿತದ್ದಲ್ಲ. ಮರುದಿನ ಬೆಳಿಗ್ಗೆ ತರಗತಿಯಲ್ಲಿ ಪದ್ಯ ಓದು ಎಂದರೆ ಅದೇ ಹುಡುಗ ತಲೆ ತಗ್ಗಿಸುತ್ತಾನೆ. ‘ನನಗ ಪದ್ಯ ತಿಳಿಯೂದಿಲ್ರೀ ಸರ’ ಎನ್ನುತ್ತಾನೆ. ಪರೀಕ್ಷೆ ಹತ್ತಿರ ಬಂದಾಗ ಪೇಟೆಗೆ ಹೋಗಿ ಗೈಡು ತರುತ್ತಾನೆ. ಗೈಡಿನಲ್ಲಿ ಕವಿಯ ಕಾಲ, ಸ್ಥಳ, ಕೃತಿ, ಸಾರಾಂಶ ಎಲ್ಲ ಸಿದ್ಧವಾಗಿರುತ್ತದೆ. ಅವನು ಅದನ್ನು ಬಾಯಿಪಾಠ ಮಾಡುತ್ತಾನೆ. ಪದ್ಯ ಮಾತ್ರ ಅವನ ಕಿವಿಗೆ ಬಿದ್ದೇ ಇರುವುದಿಲ್ಲ.

ಇಂದಿನ ವಿಷಯ ಇದೇ. ಈ ಹುಡುಗನಿಗೆ ಪದ್ಯವನ್ನು ಹೇಗೆ ಕಲಿಸಬೇಕು? ಬಹಳಷ್ಟು ಮಕ್ಕಳ ಪಾಲಿಗೆ ಪದ್ಯವನ್ನು ಒಬ್ಬರ ಎದುರು ಕುಳಿತು ಓದುವ ಕೊನೆಯ ಅವಕಾಶ ಹೈಸ್ಕೂಲು. ಆಮೇಲೆ ಕೆಲವರು ಐಟಿಐಗೆ, ಕೆಲವರು ವಿಜ್ಞಾನಕ್ಕೆ, ಕೆಲವರು ಹೊಲಕ್ಕೆ ಹೋಗುತ್ತಾರೆ. ಆ ಮೂರು ವರ್ಷಗಳಲ್ಲಿ ‘ಇದು ನನ್ನದಲ್ಲ’ ಎಂದು ಅನಿಸಿದರೆ ಮುಂದೆ ಅವರು ಕವನ ಸಂಕಲನವೊಂದನ್ನು ಕೈಯಲ್ಲಿ ಹಿಡಿಯುವುದು ಅಪರೂಪ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹಳ್ಳಿಯ ಮಕ್ಕಳಿಗೆ ಕಾವ್ಯದ ಹಿನ್ನೆಲೆ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಧಾರವಾಡ ಜಿಲ್ಲೆಯ ನಕ್ಷೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕನ್ನಡದ ಆದಿಕವಿ ಎನಿಸಿದ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ಸಂಗತಿ ತಿಳಿದುಬಂದದ್ದು ಪಂಪನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ಅಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಪದ್ಯಗಳಿವೆ. ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಕಡೆಗೆ ಬಂದರೆ ಕೋಳಿವಾಡ ಸಿಗುತ್ತದೆ. ಭಾರತವನ್ನು ಷಟ್ಪದಿಯಲ್ಲಿ ಹಾಡಿದ ಕುಮಾರವ್ಯಾಸನ ಊರು ಅದು. ಕುಂದಗೋಳ ತಾಲೂಕಿನ ಕಳಸ ಗ್ರಾಮ ಗುರು ಗೋವಿಂದ ಭಟ್ಟರ ಊರು. ಅವರ ಶಿಷ್ಯ ಶಿಶುನಾಳದ ಷರೀಫ ಸಾಹೇಬರು. ಧಾರವಾಡದ ಪೇಟೆಯಲ್ಲಿ ಬೇಂದ್ರೆ. ಇಷ್ಟು ಕವಿಗಳು ನಡೆದಾಡಿದ ನೆಲದ ಮಗುವಿಗೆ ಕಾವ್ಯದ ಹಿನ್ನೆಲೆ ಇಲ್ಲ ಎನ್ನುವುದು ಸರಿಯಲ್ಲ. ಹಿನ್ನೆಲೆ ಇದೆ, ಅದು ಕಿವಿಯಲ್ಲಿದೆ. ಶಾಲೆ ಮಾತ್ರ ಅದನ್ನು ಕಣ್ಣಿನಲ್ಲಿ ಹುಡುಕುತ್ತಿದೆ.

ಆದ್ದರಿಂದ ಕಲಿಸುವ ಮೊದಲ ಹೆಜ್ಜೆ ಕಿವಿ. ಪದ್ಯದ ಮೊದಲ ದಿನ ಪುಸ್ತಕವನ್ನು ಮುಚ್ಚಿಡಿಸಬೇಕು. ಮಾಸ್ತರರು ಪದ್ಯವನ್ನು ಎರಡು ಸಲ ಗಟ್ಟಿಯಾಗಿ, ನಿಧಾನವಾಗಿ ಓದಬೇಕು. ರಾಗ ಬಲ್ಲವರು ರಾಗದಲ್ಲಿ ಹೇಳಬೇಕು, ಬಾರದವರು ಸ್ಪಷ್ಟವಾಗಿ ಓದಿದರೂ ಸಾಕು. ಆ ದಿನ ಕವಿಯ ಕಾಲವೂ ಬೇಡ, ಪ್ರಶಸ್ತಿಯೂ ಬೇಡ, ಕಠಿಣ ಶಬ್ದಗಳ ಅರ್ಥವೂ ಬೇಡ. ‘ಯಾವ ಮಾತು ಕಿವಿಯಾಗ ಉಳೀತು?’ ಎಂದು ಕೇಳಿದರೆ ಸಾಕು. ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ. ಕರಿಹಲಗೆಯ ಮೇಲೆ ಅವನ್ನೆಲ್ಲ ಬರೆದರೆ ಅರ್ಧ ಪದ್ಯ ತಾನಾಗಿಯೇ ಮೂಡಿರುತ್ತದೆ.

ಎರಡನೆಯ ಹೆಜ್ಜೆ ವಸ್ತು. ಷರೀಫರ ಒಂದು ಪ್ರಸಿದ್ಧ ಪದ ಸೋರುವ ಮಾಳಿಗೆಯನ್ನು ಕುರಿತದ್ದು. ಸಾಮಾನ್ಯವಾಗಿ ತರಗತಿಯಲ್ಲಿ ಇದರ ಪಾಠ ಹೇಗೆ ಆರಂಭವಾಗುತ್ತದೆ? ‘ಇಲ್ಲಿ ಮನೆ ಎಂದರೆ ದೇಹ, ಸೋರುವುದೆಂದರೆ ಅಜ್ಞಾನ’ ಎಂದು ಅರ್ಥವನ್ನು ಮೊದಲೇ ಕೈಗೆ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಮನೆಯೂ ಹೋಯಿತು, ಮಳೆಯೂ ಹೋಯಿತು. ಉಳಿದದ್ದು ಬರೆದುಕೊಳ್ಳಬೇಕಾದ ಒಂದು ವಾಕ್ಯ. ಬಯಲುಸೀಮೆಯ ಕರಿಮಣ್ಣಿನ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. ಪಾಠ ಅಲ್ಲಿಂದ ಹೊರಡಬೇಕು. ತರಗತಿಯ ಮಾತು ಹೀಗೆ ನಡೆಯಬಹುದು:

‘ಏನಪಾ, ನಿಮ್ಮ ಮನಿ ಮಾಳಿಗಿ ಸೋರ್ತದೇನು?’

‘ಹೌದ್ರೀ ಸರ, ಮಳಿಗಾಲದಾಗ ನಮ್ಮವ್ವ ಮೂರು ಕಡೆ ಬೋಗಾಣಿ ಇಡ್ತಾಳ್ರೀ.’

‘ಮತ್ತ ಬ್ಯಾಸಗಿಯಾಗ ಯಾಕ ಸುದ್ದ ಮಾಡಿಸಲಿಲ್ಲ?’

‘ಬ್ಯಾಸಗಿಯಾಗ ಸೋರೂದಿಲ್ಲಲ್ರೀ ಸರ, ನೆನಪಿರೂದಿಲ್ಲ.’

ಇಡೀ ತರಗತಿ ನಗುತ್ತದೆ. ಆ ನಗೆಯಲ್ಲಿ ಪದದ ಒಳಗುಟ್ಟು ಸಿಕ್ಕಿರುತ್ತದೆ. ಬಿಸಿಲಿದ್ದಾಗ ಮರೆತದ್ದು ಮಳೆ ಬಂದಾಗ ತಲೆಯ ಮೇಲೆ ಬೀಳುತ್ತದೆ. ಇದು ಮಾಳಿಗೆಗೆ ಮಾತ್ರ ಸಂಬಂಧಿಸಿದ ಮಾತೇ ಎಂದು ಕೇಳಿದರೆ ಹದಿನೈದರ ಹುಡುಗ ಹುಡುಗಿಯರು ತಾವಾಗಿಯೇ ಉತ್ತರ ಹೇಳುತ್ತಾರೆ. ಒಬ್ಬ ಪರೀಕ್ಷೆ ಎನ್ನುತ್ತಾನೆ, ಒಬ್ಬಳು ಅಪ್ಪನ ಸಾಲ ಎನ್ನುತ್ತಾಳೆ, ಮತ್ತೊಬ್ಬ ಮನಸ್ಸು ಎನ್ನುತ್ತಾನೆ. ದೇಹ, ಅಜ್ಞಾನ ಎಂಬ ಮಾತುಗಳನ್ನು ಆಗ ಹೇಳಿದರೆ ಅವು ಕುಳಿತುಕೊಳ್ಳುತ್ತವೆ. ಷರೀಫರು ಸ್ವತಃ ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವರು. ಮಗ್ಗ, ಕೋಳಿ, ಹುಬ್ಬಳ್ಳಿಗೆ ಹೊಸದಾಗಿ ಬಂದ ಗಿರಣಿ, ಹೀಗೆ ಕೇಳುವವರ ಕಣ್ಣ ಮುಂದೆ ಇರುವ ವಸ್ತುವಿನಿಂದಲೇ ಅವರು ಪದ ಕಟ್ಟಿದರು. ತತ್ವವನ್ನು ವಸ್ತುವಿನ ಮೂಲಕ ತಲುಪಿಸುವ ಈ ಕ್ರಮ ಇಂದಿನ ಶಿಕ್ಷಕರಿಗೂ ಮಾದರಿ.

ಮೂರನೆಯ ಹೆಜ್ಜೆ ಛಂದಸ್ಸು. ಮಕ್ಕಳು ಹೆಚ್ಚು ಹೆದರುವುದು ಇಲ್ಲಿಯೇ. ಪ್ರಸ್ತಾರ ಹಾಕು, ಗಣ ವಿಭಾಗ ಮಾಡು, ಛಂದಸ್ಸಿನ ಹೆಸರು ಹೇಳು ಎಂಬ ಪ್ರಶ್ನೆ ಅವರಿಗೆ ಗಣಿತದ ಪತ್ರಿಕೆಯಿಂದ ತಪ್ಪಿಸಿಕೊಂಡು ಬಂದ ಲೆಕ್ಕದಂತೆ ಕಾಣುತ್ತದೆ. ಆದರೆ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬ ಒಂದೇ ನಿಯಮವನ್ನು ಊರ ಹೆಸರುಗಳ ಮೇಲೆ ಪ್ರಯೋಗಿಸಿ ನೋಡಲಿ. ಕುಂದಗೋಳ: ಕುಂ ಗುರು, ದ ಲಘು, ಗೋ ಗುರು, ಳ ಲಘು. ಒಟ್ಟು 6 ಮಾತ್ರೆ. ಅಣ್ಣಿಗೇರಿಯೂ 6. ನವಲಗುಂದವೂ 6. ಧಾರವಾಡವೂ 6. ಚಪ್ಪಾಳೆ ಹಾಕಿ ಹೇಳಿದರೆ ಈ ನಾಲ್ಕೂ ಹೆಸರು ಮೂರು ಮೂರು ಮಾತ್ರೆಯ ಎರಡು ತುಂಡಾಗಿ ಒಡೆಯುತ್ತವೆ. ಕಲಘಟಗಿ ಮಾತ್ರ ಬೇರೆ. ಅಲ್ಲಿ ಐದೂ ಅಕ್ಷರ ಲಘು, 5 ಮಾತ್ರೆ. ನಾಲ್ಕು ಊರುಗಳ ಬಸ್ಸಿನಿಂದ ಕಲಘಟಗಿ ಇಳಿದುಹೋಯಿತು ಎಂದು ಯಾವನೋ ಒಬ್ಬ ಹುಡುಗ ಹೇಳಿದರೆ ಪ್ರಸ್ತಾರದ ಪಾಠ ಮುಗಿದಂತೆಯೇ.

ಅಲ್ಲಿಂದ ಕುಮಾರವ್ಯಾಸನಿಗೆ ಹೋಗುವುದು ಸುಲಭ. ಅವನ ಇಡೀ ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3, 4, 3, 4ರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ 3, 4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23 ಮಾತ್ರೆ. ಒಂದು ಪದ್ಯಕ್ಕೆ ಒಟ್ಟು 102. ಈ ಅಂಕಿಗಳನ್ನು ಬರೆಸಿದರೆ ಮಕ್ಕಳು ಮರೆಯುತ್ತಾರೆ. ‘ತಕಿಟ ತಕಧಿಮಿ’ ಎಂದು ಬೆಂಚಿನ ಮೇಲೆ ಬಡಿದು ತೋರಿಸಿದರೆ ಮರೆಯುವುದಿಲ್ಲ. ಮೂರು ಮತ್ತು ನಾಲ್ಕು, ಕೂಡಿದರೆ ಏಳು. ಭಜನೆಯಲ್ಲಿ ತಬಲಾ ಕೇಳಿದ ಹುಡುಗನಿಗೆ ಏಳು ಮಾತ್ರೆಯ ರೂಪಕ ತಾಳ ಹೊಸತಲ್ಲ. ಮೊದಲು ಕೈ ತಪ್ಪದೆ ಬೀಳಲಿ. ಪ್ರಸ್ತಾರದ ಗೆರೆಗಳು ಆಮೇಲೆ ಬರಲಿ.

ಎಣಿಕೆ ಎಂದರೆ ಕಲೆಗೆ ಕಟ್ಟಿದ ಬೇಡಿ ಎಂದು ತಿಳಿಯುವ ಮಕ್ಕಳಿಗೆ ನವಲಗುಂದದ ಜಮಖಾನೆಯನ್ನು ತೋರಿಸಬಹುದು. ಅಲ್ಲಿ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕುಳಿತು ನವಿಲು, ಪಗಡೆ ಹಾಸಿನ ಚಿತ್ರಗಳನ್ನು ನೇಯುತ್ತಾರೆ. ಎಳೆಯ ಎಣಿಕೆ ತಪ್ಪಿದರೆ ನವಿಲಿನ ಕತ್ತು ಸೊಟ್ಟಾಗುತ್ತದೆ. ಆದರೆ ಜಮಖಾನೆಯನ್ನು ಕೊಂಡವರು ಎಳೆ ಎಣಿಸುವುದಿಲ್ಲ, ನವಿಲನ್ನು ನೋಡುತ್ತಾರೆ. ಪದ್ಯದ ಮಾತ್ರೆಯೂ ಹಾಗೆಯೇ.

ಬೀಸುವ ಪದಕ್ಕೆ ಈಗ ಮರಳಬೇಕು. ಬೀಸುವ ಪದಗಳು ಹೆಚ್ಚಾಗಿ ತ್ರಿಪದಿಯಲ್ಲಿವೆ. ಮೂರು ಸಾಲು, 11 ಗಣ. ಅವುಗಳಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ಶಾಸ್ತ್ರ ಹೇಳುತ್ತದೆ. ಯಾವ ಅಜ್ಜಿಯೂ ಇದನ್ನು ಎಣಿಸಿದವಳಲ್ಲ. ಕಲ್ಲು ತಿರುಗುವ ಲಯವೇ ಅವಳ ಶಾಸ್ತ್ರ. ಇದೇ ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿದೆ. ಆ ಶಾಸನದ ಕಾಲ ಸುಮಾರು 700. ಸರ್ವಜ್ಞ ಹೇಳಿದ್ದೂ ತ್ರಿಪದಿಯಲ್ಲಿಯೇ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ತಂದಾಗ ಅದರಲ್ಲಿ ಮೆರೆದದ್ದೂ ತ್ರಿಪದಿಯೇ. ಓದು ಬಾರದ ತನ್ನ ಅಜ್ಜಿ ಹೇಳುವ ಪದವೂ 1300 ವರ್ಷಗಳ ಹಿಂದೆ ಬಂಡೆಯ ಮೇಲೆ ಕೆತ್ತಿದ ಪದ್ಯವೂ ಒಂದೇ ಮನೆತನದವು ಎಂದು ತಿಳಿದ ಹುಡುಗಿ ಪುಸ್ತಕವನ್ನು ಹಿಡಿಯುವ ರೀತಿಯೇ ಬದಲಾಗುತ್ತದೆ. ‘ನಮ್ಮ ಅಮ್ಮಗ ಏನೂ ಬರೂದಿಲ್ರೀ’ ಎನ್ನುತ್ತಿದ್ದವಳು ಅಂದು ಮನೆಗೆ ಹೋಗಿ ಅಜ್ಜಿಯ ಎದುರು ಕುಳಿತುಕೊಳ್ಳುತ್ತಾಳೆ.

ನಾಲ್ಕನೆಯ ಮಾತು ಹಳಗನ್ನಡದ್ದು. ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ್ದು 941ರಲ್ಲಿ. ಸಾವಿರ ವರ್ಷ ಹಿಂದಿನ ಭಾಷೆ ಮಕ್ಕಳಿಗೆ ಪರದೇಶದ ಭಾಷೆಯಂತೆ ಕಾಣುವುದು ಸಹಜ. ಇಲ್ಲಿಯೂ ಒಂದು ಸಣ್ಣ ಕೀಲಿಕೈ ಇದೆ. ಹಳಗನ್ನಡದ ಎಷ್ಟೋ ಶಬ್ದಗಳ ಮೊದಲಲ್ಲಿ ಇರುವ ‘ಪ’ಕಾರ ಹೊಸಗನ್ನಡದಲ್ಲಿ ‘ಹ’ಕಾರವಾಗಿದೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು, ಪಾಡು ಹಾಡಾಯಿತು. ತೆಲುಗರು ಇಂದಿಗೂ ಪಾಲು ಎನ್ನುತ್ತಾರೆ, ತಮಿಳರು ಪುಲಿ ಎನ್ನುತ್ತಾರೆ. ಇಂಥ ಹತ್ತು ಶಬ್ದಗಳನ್ನು ಒಗಟಿನಂತೆ ಕೇಳಿ ಬಿಡಿಸಿದ ಮೇಲೆ ಪಂಪನ ಪದ್ಯವನ್ನು ಕರಿಹಲಗೆಯ ಮೇಲೆ ಸಂಧಿ ಬಿಡಿಸಿ ಬರೆಯಬೇಕು. ಗೋಡೆಯಂತೆ ಕಂಡದ್ದರಲ್ಲಿ ಬಾಗಿಲು ಕಾಣಿಸುತ್ತದೆ. ಅಣ್ಣಿಗೇರಿಯ ಶಾಲೆಯಲ್ಲಾದರೆ ‘ಇವನು ನಿಮ್ಮ ಊರಿನ ಮೊಮ್ಮಗಳ ಮಗ’ ಎಂದು ಪರಿಚಯಿಸಬಹುದು. ಬೇರೆ ಪೀಠಿಕೆ ಬೇಕಿಲ್ಲ.

ಭಾಷೆಯ ಮಾತು ಬಂದಾಗ ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ಮನೆಯ ಮಾತನ್ನು ತರಗತಿಯಲ್ಲಿ ಆಡಿದ ಮಗುವನ್ನು ‘ಹಳ್ಳಿ ಭಾಷಿ ಬ್ಯಾಡ, ಶುದ್ಧ ಮಾತಾಡು’ ಎಂದು ಗದರುವ ರೂಢಿ ಪೂರ್ತಿ ಹೋಗಿಲ್ಲ. ಬರವಣಿಗೆಗೆ ಶಿಷ್ಟ ಕನ್ನಡ ಬೇಕು, ನಿಜ. ಆದರೆ ಗದರಿಸಿಕೊಂಡ ಮಗು ಪದ್ಯದ ಬಗ್ಗೆ ಬಾಯಿ ಬಿಡುವುದಿಲ್ಲ. ಧಾರವಾಡದ ಆಡುಮಾತನ್ನು ಕಾವ್ಯದ ಗದ್ದುಗೆಯ ಮೇಲೆ ಕೂರಿಸಿದ ಬೇಂದ್ರೆಯವರು 1918ರಿಂದ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು. ‘ನರಬಲಿ’ ಎಂಬ ಒಂದು ಕವನಕ್ಕಾಗಿ 1932ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಸೆರೆಮನೆಗೆ ಕಳಿಸಿತು. ಮುಂದೆ ‘ನಾಕು ತಂತಿ’ಗೆ ಜ್ಞಾನಪೀಠ ಬಂದಿತು. ಮನೆಯಲ್ಲಿ ಆಡುವ ಮಾತಿನಲ್ಲಿಯೇ ದೊಡ್ಡ ಕಾವ್ಯ ಆಗುತ್ತದೆ, ಒಂದು ಕವನಕ್ಕೆ ಸರಕಾರವೂ ಅಂಜುತ್ತದೆ ಎಂಬ ಎರಡು ಸಂಗತಿಗಳು ಹೈಸ್ಕೂಲಿನ ಮಗುವಿಗೆ ತಿಳಿದಿರಬೇಕು. ಮಾತು ಮನೆಯದಿರಲಿ, ಬರವಣಿಗೆ ಪುಸ್ತಕದ್ದಿರಲಿ. ಒಂದನ್ನು ಕಲಿಸಲು ಇನ್ನೊಂದನ್ನು ಕೊಲ್ಲಬೇಕಿಲ್ಲ.

ಇಷ್ಟು ಕೇಳಿದ ಮೇಲೆ ಶಿಕ್ಷಕರು ಒಂದು ಆಕ್ಷೇಪ ಎತ್ತುತ್ತಾರೆ. ಅದು ನ್ಯಾಯವಾದದ್ದೇ. ಪಠ್ಯ ಮುಗಿಸಬೇಕು. ಹೆಸರು ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ಮಕ್ಕಳು ಬರುವುದಿಲ್ಲ. ಫಲಿತಾಂಶ ಕಡಿಮೆಯಾದರೆ ಮೇಲಿನವರು ಕೇಳುತ್ತಾರೆ. ಒಂದು ಪದ್ಯಕ್ಕೆ ನಾಲ್ಕು ದಿನ ಎಲ್ಲಿಂದ ತರುವುದು?

ಇದಕ್ಕೆ ಉತ್ತರ ಕುಂದಗೋಳದಲ್ಲಿದೆ. ಗದಗಿನ ಕಡೆಯ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ ಉತ್ತರ ಹಿಂದುಸ್ತಾನವನ್ನೆಲ್ಲ ಅಲೆದು, 1936ರ ಸುಮಾರಿಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಬಂದು ನಿಂತಾಗ ಅವನಿಗೆ ಹೈಸ್ಕೂಲಿನ ಹುಡುಗನದೇ ವಯಸ್ಸು. ಗುರುವಿನ ಮನೆಗೆ ನೀರು ಹೊತ್ತ. ಆ ವರ್ಷಗಳಲ್ಲಿ ಗುರು ಮುಖ್ಯವಾಗಿ ತಿದ್ದಿದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನು. ಉಳಿದ ರಾಗಗಳ ದಾರಿ ಆ ಮೂರರಿಂದ ತೆರೆಯಿತು. ಶಾಲೆಗೆ ಅಷ್ಟು ಪುರಸತ್ತು ಇಲ್ಲ ಎನ್ನುವುದು ಸರಿ. ಆದರೆ ವರ್ಷಕ್ಕೆ ಮೂರು ಪದ್ಯಗಳನ್ನಾದರೂ ಹೀಗೆ ಬೇರು ಸಮೇತ ಕಲಿಸಬಹುದು. ಒಂದು ಪದ, ಒಂದು ಷಟ್ಪದಿ, ಒಂದು ಹೊಸ ಕವನ. ಮೂರರಲ್ಲಿ ಪಳಗಿದ ಕಿವಿ ಉಳಿದ ಪದ್ಯಗಳನ್ನು ಬೇಗ ಹಿಡಿಯುತ್ತದೆ. ಅರ್ಥ ತಿಳಿದು ಬರೆದ ಉತ್ತರಕ್ಕೆ ಗೈಡಿನ ಉತ್ತರಕ್ಕಿಂತ ಕಡಿಮೆ ಅಂಕ ಬೀಳುವ ಕಾರಣವೂ ಇಲ್ಲ.

ಇನ್ನೊಂದು ಎಚ್ಚರಿಕೆ. ಎಲ್ಲವನ್ನೂ ಹಾಡಬೇಕು ಎಂದಲ್ಲ. ವಚನಕ್ಕೆ ಮಾತಿನ ಲಯವಿದೆ. ಅದನ್ನು ಎದುರಿಗಿದ್ದವನಿಗೆ ನೇರವಾಗಿ ಹೇಳಿದಂತೆ ಓದಬೇಕು. ಹೊಸ ಕವನಗಳಲ್ಲಿ ಸಾಲು ಎಲ್ಲಿ ಮುರಿದಿದೆ, ಕವಿ ಎಲ್ಲಿ ಸುಮ್ಮನಾಗಿದ್ದಾನೆ ಎಂಬುದು ಮುಖ್ಯ. ಅಲ್ಲಿ ರಾಗ ಹಚ್ಚಿದರೆ ಆ ಮೌನ ಕೆಡುತ್ತದೆ. ರಾಗಕ್ಕೆ ಇನ್ನೂ ಒಂದು ಅಪಾಯವಿದೆ. ಸೊಗಸಾಗಿ ಹಾಡುವ ಹುಡುಗನಿಗೆ ಎಷ್ಟೋ ಸಲ ತಾನು ಹಾಡಿದ್ದರ ಅರ್ಥ ಗೊತ್ತಿರುವುದಿಲ್ಲ, ಕೇಳಿದವರೂ ತಲೆದೂಗಿ ಎದ್ದು ಹೋಗಿರುತ್ತಾರೆ. ಅದಕ್ಕೇ ಹಾಡಿಸಿದ ಮೇಲೆ ಅದೇ ಪದ್ಯವನ್ನು ಒಮ್ಮೆ ರಾಗವಿಲ್ಲದೆ ಹೇಳಿಸಬೇಕು. ಪದ್ಯ ಕೇಳುತ್ತಿರುವ ಪ್ರಶ್ನೆ ಏನು ಎಂದು ವಿಚಾರಿಸಬೇಕು. ‘ಇದು ಹಂಗಲ್ಲ’ ಎಂದು ಮಗು ಕವಿಯೊಡನೆ ವಾದಿಸಿದರೆ ಸಿಟ್ಟಾಗಬಾರದು. ವಾದಿಸುವವನು ಪದ್ಯದ ಒಳಗೆ ಬಂದಿದ್ದಾನೆ.

ಕೊನೆಗೆ ಒಂದು ಮನೆಗೆಲಸ. ಪ್ರತಿ ಮಗುವೂ ಮನೆಯಿಂದ ಒಂದು ಪದ ಬರೆದುಕೊಂಡು ಬರಲಿ. ಹೇಳಿದವರ ಹೆಸರು, ಊರು, ಯಾವಾಗ ಹೇಳುವ ಪದ ಎಂಬುದನ್ನೂ ಬರೆಯಲಿ. ಕಲಘಟಗಿಯ ಬಣ್ಣದ ತೊಟ್ಟಿಲು ದೂರದೂರದ ಬಾಣಂತಿಯರ ಮನೆಗೆ ಹೋಗುತ್ತದೆ. ಆ ತೊಟ್ಟಿಲು ತೂಗುವಾಗ ಹೇಳುವ ಜೋಗುಳ ಮಗು ಕೇಳಿದ ಮೊದಲ ಕವಿತೆ. ಅದೂ ಆ ವಹಿಯಲ್ಲಿ ಬರಲಿ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಅದರ ಪದವೂ ಮೂಲೆ ಸೇರಿತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ಹೋಯಿತು, ಹಂತಿ ಪದವೂ ಹೋಗುತ್ತಿದೆ. ಕಲ್ಲು ಬೀಸುವ ಕಷ್ಟ ಮರಳಿ ಬರಲಿ ಎಂದು ಯಾವ ತಾಯಿಯೂ ಬಯಸುವುದಿಲ್ಲ, ಬಯಸಲೂ ಬಾರದು. ಆದರೆ ಅವಳ ಪದಕ್ಕೆ ಬೇರೆ ಒಂದು ಜಾಗ ಬೇಕಲ್ಲ? ಊರಿನಲ್ಲಿ ಅಂಥ ಜಾಗವಾಗಬಲ್ಲದ್ದು ಶಾಲೆ.

ಆ ವಹಿಯನ್ನು ಪಠ್ಯಪುಸ್ತಕದ ಪಕ್ಕದಲ್ಲಿಡಿ. ಒಂದು ದಿನ ಪಂಪನನ್ನು ಓದಿ, ಮರುದಿನ ಯಾವುದೋ ಹುಡುಗಿಯ ಅಜ್ಜಿಯ ಪದವನ್ನು ಓದಿ. ಎರಡಕ್ಕೂ ಅದೇ ಪ್ರಶ್ನೆಗಳನ್ನು ಕೇಳಿ. ಭಜನಾ ಮೇಳದಲ್ಲಿ ತಾಳ ಹಿಡಿಯುವ ಆ ಹುಡುಗ ಕೈ ಎತ್ತುವ ದಿನ ಬರುತ್ತದೆ. ಅವನಿಗೆ ಅರ್ಧ ಪಾಠ ಮೊದಲೇ ಬಂದಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.